ಐದನೆಯ ಜಾಗ

ಸ್ಟಿಲನ್‌ಟಾಲ್, ಅಯೋವಾ
೨೮ ಮೇ ೧೯೮೧, ಗುರುವಾರ

ಪ್ರೀತಿಯ ಟಿಲ್ಲಿ ಅಕ್ಕ,

ಡುಲೂತ್‌ನಲ್ಲಿ ನೀನು, ಡೇಲ್ ಭಾವ, ಪುಟ್ಟ ನಿಕ್ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಮಾರ್ಚ್‌ನಲ್ಲೇ ಬಂತು. ಹನ್ನೊಂದು ವಾರ ಉತ್ತರ ಬರೆಯಲಿಲ್ಲ. ಪುರುಸೊತ್ತಿರಲಿಲ್ಲ ಎಂದು ಬರೆಯಬಹುದು, ಆದರೆ ಪುರುಸೊತ್ತು ಬೇಕಾದಷ್ಟಿತ್ತು. ಐದು ಸಲ ಶುರುಮಾಡಿ ಐದು ಸಲವೂ ಎದ್ದು ಹೋದೆ. ನಾನು ಒಂದು ಕಡೆ ಕೂರುವವಳಲ್ಲ ಎಂಬುದು ನಿನಗೆ ಗೊತ್ತಿದೆಯಲ್ಲ. ಶಾಲೆ ಬಿಟ್ಟದ್ದೂ ಅದಕ್ಕೇ. ಮೇಷ್ಟ್ರು ಬೈದರು ಅಂತಲೋ ಲೆಕ್ಕ ತಲೆಗೆ ಹತ್ತಲಿಲ್ಲ ಅಂತಲೋ ಊರಿನವರು ಏನೇನೋ ಹೇಳುತ್ತಾರೆ. ಕಿಟಕಿಯ ಆಚೆ ಗಾಳಿ ಬೀಸುತ್ತಿದ್ದರೆ ನನಗೆ ಒಳಗೆ ಕೂರಲಾಗುತ್ತಿರಲಿಲ್ಲ, ಅಷ್ಟೆ. ಈಗ ಇದನ್ನು ಸ್ಮಶಾನದ ಬೇಲಿಯ ಹತ್ತಿರ, ಎಮಿಲ್ ಮಾವನ ಟ್ರಕ್ಕಿನ ಮೂತಿಯ ಮೇಲೆ ಕಾಗದ ಇಟ್ಟುಕೊಂಡು, ನಿಂತೇ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. "ಜೂನ್ ಇಪ್ಪತ್ತೊಂದರ ಊರಿನ ಸ್ಥಾಪನೆಯ ದಿನಕ್ಕೆ ನಿಕ್‌ನನ್ನು ಕರೆದುಕೊಂಡು ಬರಲೇ? ಆ ಊರಿನಲ್ಲಿ ಕೇಳಿದ್ದಕ್ಕೆ ನಿಜ ಹೇಳುವವಳು ನೀನೊಬ್ಬಳೇ. ನೀನು ಬಾ ಎಂದರೆ ಬರುತ್ತೇನೆ. ಆದರೆ ನನ್ನ ಗುಟ್ಟನ್ನು ಸಭೆಯ ಹಿರಿಯರಿಗೆ ಒಪ್ಪಿಸಿದ ಅಮ್ಮನ ಜೊತೆ ಒಂದೇ ಮೇಜಿನಲ್ಲಿ ನಾನು ಕೂರಲಾರೆ." ಈ ಮಾತು ನನಗೆ ಬಾಯಿಪಾಠವಾಗಿದೆ. ಇದಕ್ಕೆ ಉತ್ತರ ಬರೆಯುತ್ತೇನೆ, ಬರೆಯದೆ ಈ ಕಾಗದ ಅಂಚೆಗೆ ಹಾಕುವುದಿಲ್ಲ. ಆದರೆ ಮೊದಲು ಇಲ್ಲಿ ನಡೆಯುತ್ತಿರುವುದನ್ನು ಹೇಳಬೇಕು. ಇಲ್ಲದಿದ್ದರೆ ನಾಳೆ ಬೇರೆ ಯಾರಾದರೂ ನಿನಗೆ ಬರೆದು, "ನಿನ್ನ ತಂಗಿಗೆ ತಲೆ ಕೆಟ್ಟಿದೆ" ಎನ್ನುತ್ತಾರೆ.

ಎಮಿಲ್ ಮಾವನ ಬೆನ್ನು ಕೈಕೊಟ್ಟ ಮೇಲೆ ಸ್ಮಶಾನದ ಗುಂಡಿ ತೋಡುವುದು, ಹುಲ್ಲು ಕತ್ತರಿಸುವುದು ಎಲ್ಲ ನನ್ನದೇ. ಹೆಣ್ಣುಹುಡುಗಿ ಗುಂಡಿ ತೋಡುವುದೇ ಎಂದು ಎರಡು ತಿಂಗಳು ಗೊಣಗಿದರು, ಆಮೇಲೆ ಬೇರೆ ಯಾರೂ ಬರದೆ ಸುಮ್ಮನಾದರು. ಈ ಕೆಲಸ ನನಗೆ ಇಷ್ಟ. ಹೊರಗಿನ ಕೆಲಸ, ಯಾರೂ ಮಾತಾಡಿಸುವುದಿಲ್ಲ. ಹೋದ ಚಳಿಗಾಲದಲ್ಲಿ ಲೊರೆನ್ಸ್ ತಾತ ತೀರಿಕೊಂಡರು. ನಮ್ಮಲ್ಲಿ ಸತ್ತ ಕ್ರಮದಲ್ಲೇ ಸಾಲಾಗಿ ಹೂಳುವುದಲ್ಲವೇ, ಹಾಗಾಗಿ ಅವರು ಹೋಗಿ ಮಲಗಿದ್ದು ಬರ್ಟ್ರಮ್‌ನ ಪಕ್ಕದಲ್ಲಿ! ನಲವತ್ತು ವರ್ಷ ಒಂದು ಬೇಲಿಗೆ ಹೊಡೆದಾಡಿದ ಇಬ್ಬರ ನಡುವೆ ಈಗ ಮೂರಡಿ ಮಣ್ಣು, ಬೇಲಿಯೇ ಇಲ್ಲ. ಗುಂಡಿ ತೋಡುವಾಗ ನಾನೊಬ್ಬಳೇ ನಕ್ಕುಬಿಟ್ಟೆ.

ಮೊದಲ ಸಾಲಿನಲ್ಲಿ ನಾಲ್ಕನೇ ಕಲ್ಲಾದ ಮೇಲೆ ಒಂದು ಕಲ್ಲಿನಷ್ಟು ಜಾಗ ಖಾಲಿ ಇದೆಯಲ್ಲ, ಪ್ರತಿ ಸ್ಥಾಪನೆಯ ದಿನ ನಾವು ಸಾಲಾಗಿ ಹೋಗಿ ತಲೆ ಬಾಗಿಸುವ ಜಾಗ. ಸೋದರ ಗಾಟ್‌ಹಿಲ್ಫ್ ನಮ್ಮವರನ್ನು ಇಲ್ಲಿಗೆ ಕರೆತಂದು, ಮೊದಲ ಚಳಿಗಾಲ ಕಳೆದು, ಉಳಿದವರನ್ನು ಕರೆತರಲು ವಸಂತದಲ್ಲಿ ಜರ್ಮನಿಗೆ ಹೊರಟು, ಸಮುದ್ರದಲ್ಲಿ ಮುಳುಗಿಹೋದರು. ಅವರ ದೇಹ ಸಿಗಲಿಲ್ಲ, ಅದಕ್ಕೇ ಸಾಲಿನಲ್ಲಿ ಅವರ ಜಾಗ ಖಾಲಿ ಬಿಟ್ಟರು. ನಮಗೆ ಹೇಳಿಕೊಟ್ಟದ್ದು ಇಷ್ಟು. ಒಂಬತ್ತನೇ ವಯಸ್ಸಿನಲ್ಲಿ ಭಾನುವಾರದ ಪಾಠದಲ್ಲಿ ನಾನು ಎದ್ದು, "ಚಳಿಗಾಲದಲ್ಲಿ ಹನ್ನೊಂದು ಜನ ಸತ್ತರು, ಆಮೇಲೆ ಅವರು ಸತ್ತರು, ಹಾಗಿದ್ದರೆ ಅವರ ಜಾಗ ಕೊನೆಗೆ ಬರಬೇಕಿತ್ತು, ಐದನೆಯದು ಹೇಗಾಯಿತು?" ಎಂದು ಕೇಳಿದ್ದು ನಿನಗೆ ನೆನಪಿದೆಯೇ? "ಹೆಡ್ವಿಗ್, ಕೂತ್ಕೋ" ಎಂದು ಪಾಠ ಹೇಳುವವರು ನನ್ನ ಪೂರ್ತಿ ಹೆಸರು ಹಿಡಿದು ಗದರಿದ್ದರು. ಅವತ್ತು ಕೂತೆ.

ಈ ವರ್ಷ ಊರು ಕಟ್ಟಿ ನೂರ ಇಪ್ಪತ್ತೈದು ವರ್ಷ. ಆ ಖಾಲಿ ಜಾಗದಲ್ಲಿ ಸೋದರ ಗಾಟ್‌ಹಿಲ್ಫರ ಹೆಸರಿನ ಕಲ್ಲು ನಿಲ್ಲಿಸಬೇಕೆಂದು ಹಿರಿಯರು ತೀರ್ಮಾನಿಸಿದ್ದಾರೆ. ಕಲ್ಲು ಕೆತ್ತಿ ಆಗಿದೆ. ಮೊನ್ನೆ ಮಂಗಳವಾರ ಬೆಳಿಗ್ಗೆ ಹಿರಿಯ ವೆಂಡೆಲಿನ್ ದಾರ, ಗೂಟ ಹಿಡಿದುಕೊಂಡು ಬಂದು ಅಳತೆ ಹಾಕಿಕೊಟ್ಟರು.

"ಎರಡಡಿ ತೋಡಿದ್ರೆ ಸಾಕು ಹೆಡೀ. ಕಲ್ಲಿನ ಬುಡ ಕೂರೋಷ್ಟು."

ನಮ್ಮ ನೆಲ ನಿನಗೆ ಗೊತ್ತಲ್ಲ. ಮೇಲೆ ಒಂದೂವರೆ ಅಡಿ ಕರಿಮಣ್ಣು, ಕೆಳಗೆ ಹಳದಿ ಜೇಡಿ. ಚಾಕುವಿನಿಂದ ಕೊಯ್ದ ಹಾಗೆ ಬೇರೆ ಬೇರೆ ಪದರ. ಆದರೆ ಒಂದು ಸಲ ಆಳವಾಗಿ ತೋಡಿ ಮುಚ್ಚಿದ ಮಣ್ಣು ಮತ್ತೆ ಯಾವತ್ತೂ ಹಾಗೆ ಪದರ ಕಟ್ಟುವುದಿಲ್ಲ. ಕಪ್ಪಿನೊಳಗೆ ಹಳದಿ, ಹಳದಿಯೊಳಗೆ ಕಪ್ಪು, ನೂರು ವರ್ಷವಾದರೂ ಕಲಸಿಕೊಂಡೇ ಇರುತ್ತದೆ. ಎಮಿಲ್ ಮಾವ ನನಗೆ ಕಲಿಸಿದ ಮೊದಲ ಪಾಠ ಅದು. ನಾನು ಅರ್ಧ ಅಡಿ ಇಳಿಯುವಷ್ಟರಲ್ಲೇ ಸಲಿಕೆಯಲ್ಲಿ ಹಳದಿ ಉಂಡೆ ಬಂತು. ಪಕ್ಕದಲ್ಲಿ ಕೆರೆದು ನೋಡಿದೆ. ಒಂದು ಗೆರೆಯ ಆಚೆಗೆ ಶುದ್ಧ ಕಪ್ಪು, ಈಚೆಗೆ ಕಲಸಿದ್ದು. ಸುತ್ತ ಕೆರೆಯುತ್ತ ಹೋದೆ. ನಾಲ್ಕು ಮೂಲೆ ಸಿಕ್ಕವು. ಉದ್ದ ಐದೂವರೆ ಅಡಿ, ಅಗಲ ಎರಡು.

ಸಲಿಕೆ ಕೆಳಗಿಟ್ಟೆ. "ಇಲ್ಲಿ ಯಾರೋ ಇದ್ದಾರೆ," ಎಂದೆ.

"ಯಾರೇ ಇರ್ತಾರೆ? ಅದು ಖಾಲಿ ಜಾಗ."

"ಮಣ್ಣು ನೋಡಿ."

"ಮಣ್ಣು ನಂಗೇನು ಹೊಸದಾ? ಐವತ್ತು ವರ್ಷ ಹೊಲ ಉತ್ತಿದೀನಿ."

"ಉತ್ತಿದೀರಿ. ಗುಂಡಿ ತೋಡಿಲ್ಲ."

"ಹೆಗ್ಗಣ ತೋಡಿರ್ಬೇಕು."

"ಹೆಗ್ಗಣ ನಾಲ್ಕು ಮೂಲೆ ಅಳತೆ ಹಾಕಿ ತೋಡತ್ತಾ ಹಿರಿಯರೇ?"

ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ಹೆದರಿದ್ದರೋ ಸಿಟ್ಟಾಗಿದ್ದರೋ ನನಗೆ ತಿಳಿಯಲಿಲ್ಲ. "ನೀನು ಎರಡಡಿ ತೋಡು. ಅದರ ಕೆಳಗೆ ಏನಿದ್ರೂ ಅದು ಕೆಳಗೇ ಇರತ್ತೆ," ಎಂದರು. ನಾನು ತೋಡುವುದಿಲ್ಲ ಎಂದೆ. ಹುಲ್ಲಿನ ಹೆಂಟೆ ಮತ್ತೆ ಮುಚ್ಚಿ, ಮನೆಗೆ ಬಂದೆ.

ಅಮ್ಮ ಅಡುಗೆಮನೆಯಲ್ಲಿ ಹುಳಿ ರುಬಾರ್ಬ್ ದಂಟು ಹೆಚ್ಚುತ್ತಿದ್ದಳು. ಎಲ್ಲ ಹೇಳಿದೆ. "ಮಣ್ಣು ಮಣ್ಣಾಗೇ ಇರ್ಲಿ ಬಿಡೇ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, ಚಾಕು ನಿಲ್ಲಿಸದೆಯೇ, "ಟಿಲ್ಲಿ ಬರ್ತಾಳಂತಾ?" ಎಂದು ಕೇಳಿದಳು. ನೀನು ಕಾಗದ ಬರೆದದ್ದನ್ನು ನಾನು ಹೇಳಿರಲಿಲ್ಲ. ಲಕೋಟೆ ನೋಡಿರಬೇಕು. ನಾನು ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. "ಆ ಮಗೂಗೆ ರುಬಾರ್ಬ್ ಸೇರತ್ತೋ ಇಲ್ವೋ," ಎಂದಳು.

ಮಳೆ ಹನಿ ಬೀಳುತ್ತಿದೆ. ಮುಂದಿನದು ಆಮೇಲೆ.

೩೧ ಮೇ, ಭಾನುವಾರ, ಮಧ್ಯಾಹ್ನ

ಅಕ್ಕ, ಬಸ್ಸಿನ ಕಟ್ಟೆಯ ಮೇಲಿಂದ ಬರೆಯುತ್ತಿದ್ದೇನೆ. ಡೆ ಮಾಯ್ನ್‌ಗೆ ಹೋಗುವ ಬಸ್ಸು ಎರಡೂವರೆಗೆ. ಚೀಲ ತಂದಿದ್ದೇನೆ. ಹತ್ತುತ್ತೇನೋ ಇಲ್ಲವೋ ಗೊತ್ತಿಲ್ಲ. ಈ ತಿಂಗಳಲ್ಲಿ ಮೂರನೇ ಸಲ ಹೀಗೆ ಬಂದು ಕೂತಿರುವುದು.

ಶುಕ್ರವಾರ ಕೋರ್ಡುಲಾ ಅಜ್ಜಿಯ ಹತ್ತಿರ ಹೋದೆ. ಎಂಬತ್ತನಾಲ್ಕಾದರೂ ಸಭಾಮನೆಯ ಕಪಾಟಿನ ಬೀಗದ ಕೈ ಇನ್ನೂ ಅವರ ಸೊಂಟದಲ್ಲೇ. ಹಳೇ ಜರ್ಮನ್ ಕೈಬರಹ ಓದಬಲ್ಲವರು ಊರಿನಲ್ಲಿ ಉಳಿದಿರುವುದೂ ಅವರೊಬ್ಬರೇ. ನಾನು ಮಣ್ಣಿನ ಸುದ್ದಿ ಹೇಳಿದೆ. ಅವರು ಕಾಫಿಯಲ್ಲಿ ಬಿಸ್ಕತ್ತು ಅದ್ದುತ್ತ, "ಅಂತೂ ಒಬ್ಬಳು ಕೇಳಿದ್ಲಲ್ಲಪ್ಪ," ಎಂದರು.

"ನಿಮಗೆ ಗೊತ್ತಿತ್ತಾ ಅಜ್ಜಿ?"

"ಇಪ್ಪತ್ತು ವರ್ಷದೋಳಿದ್ದಾಗ್ಲೇ ಓದಿದೀನಿ."

"ಮತ್ತೆ ಹೇಳ್ಲೇ ಇಲ್ವಲ್ಲ!"

"ಯಾರು ಕೇಳಿದ್ರೇ?"

ನಮ್ಮವರು ಹೀಗೇ ಅಕ್ಕ. ಸುಳ್ಳು ಹೇಳುವುದಿಲ್ಲ. ಬೇಡದ್ದನ್ನು ಬಿಟ್ಟು ಹೇಳುತ್ತಾರೆ. ಅಜ್ಜಿ ನನ್ನನ್ನು ಸಭಾಮನೆಗೆ ಕರೆದೊಯ್ದು ಕಪಾಟು ತೆಗೆದು, ಚರ್ಮದ ಹೊದಿಕೆಯ ದಿನಚರಿ ಹೊರತೆಗೆದರು. ಅಕ್ಷರ ಸೋದರ ಗಾಟ್‌ಹಿಲ್ಫರದೇ. ಆ ಮೊದಲ ಚಳಿಗಾಲದ ಸಾವುಗಳು, ಒಂದೊಂದಕ್ಕೆ ಒಂದೊಂದು ಸಾಲು. ಅಜ್ಜಿ ಬೆರಳಿಟ್ಟು ಓದಿದರು, ನಾನು ಕೈಮೇಲೆ ಬರೆದುಕೊಂಡೆ.

"ಐದನೆಯವಳು. ರೋಸೀನಾ, ವಯಸ್ಸು ಹದಿನೇಳು. ಕೊಯ್ಲಾದ ಮೇಲೆ ಸಭೆಯಿಂದ ಹೊರಗಿಡಲಾಗಿತ್ತು. ಹುಲ್ಲಿನ ಕೊಟ್ಟಿಗೆಯಲ್ಲಿ, ಚಳಿಗೆ. ಜಾಗ ಕೊಟ್ಟಿದೆ. ಕಲ್ಲು ಕೊಟ್ಟಿಲ್ಲ."

ಇಷ್ಟೇ. ಅವಳ ತಪ್ಪೇನು ಎಂದು ಬರೆದಿಲ್ಲ. ಒಳಗೆ ಒಲೆ ಉರಿಯುವಾಗ ಅವಳು ಹುಲ್ಲಿನಲ್ಲಿ ಮಲಗಿದ್ದಳು. ಆದರೂ ಕ್ರಮ ಮುರಿಯಲು ಅವರಿಗೆ ಕೈಬರಲಿಲ್ಲ. ಐದನೆಯವಳಾಗಿ ಸತ್ತಳು, ಐದನೆಯ ಜಾಗ ಕೊಡಲೇಬೇಕು. ಹಾಗೆ ಕೊಟ್ಟು, ಮೇಲೆ ಹುಲ್ಲು ಬೆಳೆಯಲು ಬಿಟ್ಟರು. ಕಂಡಿದ್ದವರೆಲ್ಲ ಸತ್ತರು. ಉಳಿದವರಿಗೆ ಸಾಲಿನಲ್ಲಿ ಕಂಡದ್ದು ಖಾಲಿ ಜಾಗ, ಕೇಳಿದ್ದು ಮುಳುಗಿದ ಹಡಗಿನ ಕಥೆ. ಎರಡನ್ನೂ ಸೇರಿಸಿ ಹೊಲಿದರು. ಯೋಚಿಸು ಅಕ್ಕ, ಇಷ್ಟು ವರ್ಷ ಒಳ್ಳೇ ಬಟ್ಟೆ ತೊಟ್ಟು, ಹಾಡು ಹೇಳಿಕೊಂಡು, ಮಕ್ಕಳ ಕತ್ತು ಹಿಡಿದು ಬಗ್ಗಿಸಿ ನಾವು ನಮಸ್ಕರಿಸಿದ್ದು ಹೊರಗಿಟ್ಟ ಹುಡುಗಿಗೆ. ನೀನೂ ಬಾಗಿದ್ದೀಯ. ಮೊದಲು ನಗು ಬಂತು. ಆಮೇಲೆ ಕೈಮೇಲಿನ ಬರಹವನ್ನು ಮತ್ತೆ ಮತ್ತೆ ಓದಿದೆ.

ಇವತ್ತು ಪ್ರಾರ್ಥನೆ ಮುಗಿದ ಮೇಲೆ ಹಿರಿಯ ವೆಂಡೆಲಿನ್ ಕಲ್ಲಿನ ವಿಷಯ ಎತ್ತಿದರು. "ತೋಡುವ ಕೆಲಸ ಸ್ವಲ್ಪ ತಡವಾಗಿದೆ," ಎಂದರು. ನಾನು ಹೆಂಗಸರ ಬೆಂಚಿನಿಂದ ಎದ್ದು, "ತಡವಾಗಿಲ್ಲ, ನಾನು ತೋಡಲ್ಲ ಅಂದಿದ್ದೀನಿ," ಎಂದೆ. ಮಣ್ಣಿನ ಸಂಗತಿ, ರೋಸೀನಾಳ ಹೆಸರು, ಎಲ್ಲ ಹೇಳಿದೆ. ಗಂಡಸರ ಕಡೆಯಿಂದ ಯಾರೋ, "ಶಾಲೆ ಬಿಟ್ಟೋಳಿಗೆ ಹಳೇ ಜರ್ಮನ್ ಬೇರೆ ಬರತ್ತಾ?" ಎಂದರು. ಕೆಲವರು ನಕ್ಕರು.

"ಅವಳಿಗೆ ಬರಲ್ಲ, ನಂಗೆ ಬರತ್ತೆ," ಎಂದು ಕೋರ್ಡುಲಾ ಅಜ್ಜಿ ಕೋಲೂರಿ ಎದ್ದರು. "ಓದ್ಲಾ?"

"ಕೂತ್ಕೊಳ್ಳಿ ಅಜ್ಜಿ, ಇದು ಸಮಯವಲ್ಲ," ಎಂದರು ಹಿರಿಯರು.

"ನಂಗೆ ಬೇರೆ ಸಮಯ ಎಲ್ಲಿದೆ ವೆಂಡೆಲಿನ್? ಏನ್ಮಾಡ್ತೀಯ, ನನ್ನೂ ಹೊರಗಿಡ್ತೀಯಾ? ಇಡು. ಮುಂದಿನ ಜಾಗ ಹೇಗೂ ನಂದೇ. ಪಕ್ಕಕ್ಕೆ ನೀನು ಬರ್ದೇ ಇದ್ರೆ ಸಾಕು, ಕೊನೇ ತೀರ್ಪಿನ ದಿನದವರೆಗೂ ಪ್ರವಚನ ಕೇಳೋಕೆ ನನ್ನ ಕೈಲಾಗಲ್ಲ."

ಈ ಸಲ ಎಲ್ಲರೂ ನಕ್ಕರು, ಹಿರಿಯರ ಹೆಂಡತಿಯೂ. ಅಜ್ಜಿ ಓದಿದರು. ಹುಲ್ಲಿನ ಕೊಟ್ಟಿಗೆ ಎಂಬಲ್ಲಿ ನಗು ನಿಂತಿತು.

ಹಿರಿಯರು ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ಆಯಾಸದಿಂದಲೇ ಮಾತಾಡಿದರು. "ನೋಡಮ್ಮಾ, ಎಲ್ಲಾ ನಿಜಾನೂ ಹೇಳೋಕೇ ಅಂತ ಇರಲ್ಲ. ಹಿಂದೊಂದ್ಸಲ ನಿಮ್ಮ ಮನೆಯಿಂದ ಒಂದು ನಿಜ ನನ್ನ ಹತ್ರ ಬಂದಿತ್ತು. ಅದರಿಂದ ಯಾರಿಗೆ ಒಳ್ಳೇದಾಯ್ತು, ನೀನೇ ಹೇಳು."

ಅಷ್ಟರಲ್ಲಿ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಅಮ್ಮ ಎದ್ದು ನಿಂತಿದ್ದಳು. ಸಭೆಯಲ್ಲಿ ಅವಳು ಎದ್ದದ್ದನ್ನು ನಾನು ಹುಟ್ಟಿದಮೇಲೆ ನೋಡಿಲ್ಲ.

"ಅದು ನಾನು ಹೇಳಿದ್ದು," ಎಂದಳು. "ಟಿಲ್ಲಿ ವಿಷಯ ನಿಮಗೆ ಹೇಳಿದೋಳು ನಾನು. ಈ ಹುಡುಗೀನ ಬಿಡಿ."

ಹಿರಿಯರು ತಮ್ಮ ಮೊಣಕಾಲಿನ ಮೇಲಿದ್ದ ಟೋಪಿಯನ್ನೇ ನೋಡಿದರು.

ಬಸ್ಸು ಬಂದು ಹೋಯಿತು. ನಾನು ಹತ್ತಲಿಲ್ಲ.

೨ ಜೂನ್, ಮಂಗಳವಾರ

ತೀರ್ಮಾನವಾಯಿತು. ನಿನ್ನೆ ಹಿರಿಯರೆಲ್ಲ ಸೇರಿದ್ದರು. ಸೋದರ ಗಾಟ್‌ಹಿಲ್ಫರ ಕಲ್ಲನ್ನು ಗೇಟಿನ ಹತ್ತಿರ ನಿಲ್ಲಿಸುವುದು, ಐದನೆಯ ಜಾಗ ಇದ್ದ ಹಾಗೇ ಇರುವುದು. ಸ್ಥಾಪನೆಯ ದಿನ ಎಂದಿನಂತೆ ಅಲ್ಲಿಗೆ ಹೋಗಿ ತಲೆ ಬಾಗುವುದು, ಆದರೆ ಯಾರಿಗೆ ಎಂದು ಹೇಳದಿರುವುದು. ನಮ್ಮವರ ತೀರ್ಮಾನ ಇದಕ್ಕಿಂತ ಬೇರೆ ಹೇಗಿದ್ದೀತು ಹೇಳು! ಕೋರ್ಡುಲಾ ಅಜ್ಜಿಗೆ ಹೇಳಿದರೆ, "ನೂರಾ ಇಪ್ಪತ್ತೈದು ವರ್ಷಕ್ಕೆ ಅರ್ಧ ಹೆಜ್ಜೆ ಇಟ್ಟಿದಾರೆ, ಬಿಡು, ವಯಸ್ಸಾದೋರು," ಎಂದರು. ಗೇಟಿನ ಹತ್ತಿರದ ಗುಂಡಿಯನ್ನು ಇವತ್ತು ಬೆಳಿಗ್ಗೆ ನಾನೇ ತೋಡಿಕೊಟ್ಟೆ. ಅಲ್ಲಿ ಮಣ್ಣು ಶುದ್ಧ ಪದರ, ಯಾರೂ ಇಲ್ಲ. ರೋಸೀನಾಳ ಕಲ್ಲಿನ ಮಾತನ್ನು ಮುಂದಿನ ಸಭೆಯಲ್ಲಿ ಮತ್ತೆ ಎತ್ತುತ್ತೇನೆ, ಅದರ ಮುಂದಿನ ಸಭೆಯಲ್ಲೂ. ಅವರಿಗೆ ಬೇಸರ ಬರುವವರೆಗೆ.

ಎಮಿಲ್ ಮಾವ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದ್ದಾರೆ. ಗಿರಣಿಯ ಹಿಂದಿನ ಬಿಳಿ ಲೈಲಾಕ್ ಹೂ ಈ ಸಲ ತಡವಾಗಿ ಬಿಟ್ಟಿದೆ. ನಿಕ್‌ಗೆ ಹಲ್ಲು ಬಿದ್ದಿದೆ ಎಂದು ನೀನು ಬರೆದಿದ್ದೆ, ಹೊಸದು ಬಂತೇ? ಭಾವನ ಕೈ ಗಾಯ ಮಾಗಿತೇ?

ನಿನ್ನ ಮನೆಯ ಒಲೆ ಆರದಿರಲಿ, ಬಾಗಿಲು ತಟ್ಟಿದವರು ಒಳಗೆ ಬರಲಿ. ಇಲ್ಲಿನ ಹಿರಿಯರು ಹರಸುವ ಮಾತು ಬೇರೆ ಇದೆ, ಆದರೆ ನನಗೆ ಹೃದಯದಿಂದ ಬಂದದ್ದು ಇದು. ನೀನು ದೊಡ್ಡವಳು, ನನ್ನನ್ನೂ ಹರಸು, ಓದಿ ಮುಗಿಸಿದ ಮೇಲೂ ಮನಸ್ಸಿದ್ದರೆ.

ನಿನ್ನ ತಂಗಿ,
ಹೆಡಿ

ಕೊನೆಗೆ ಸೇರಿಸಿದ್ದು: ಉತ್ತರ ಬರೆಯದೆ ಅಂಚೆಗೆ ಹಾಕುವುದಿಲ್ಲ ಎಂದಿದ್ದೆ. ಮೊದಲಿನ ಐದು ಕಾಗದ ಹರಿದುಹಾಕಿದ್ದು ಈ ಮಾತಿಗೆ ಬಂದಾಗಲೇ.

ಅಮ್ಮ ಭಾನುವಾರ ಸಭೆಯಲ್ಲಿ ಸುಳ್ಳು ಹೇಳಿದಳು. ಹಿರಿಯ ವೆಂಡೆಲಿನ್‌ಗೆ ಅದು ಗೊತ್ತಿತ್ತು. ಏಕೆಂದರೆ ಏಳು ವರ್ಷದ ಹಿಂದೆ ಅವರ ಮುಂದೆ ನಿಂತು ಹೇಳಿದವಳು ನಾನು. ನೀನು ಡೇಲ್‌ನ ಟ್ರಕ್ಕು ಹತ್ತಿ ಹೋಗುತ್ತಿದ್ದುದು, ಬಸುರಿಯಾಗಿದ್ದುದು, ಬೇಸಿಗೆ ಮುಗಿಯುವುದರೊಳಗೆ ಓಡಿಹೋಗಲಿದ್ದುದು, ಎಲ್ಲ. ಆಗ ನನಗೆ ಹನ್ನೆರಡು. ಬುಧವಾರ, ಗಿರಣಿಯ ಮೆಟ್ಟಿಲ ಮೇಲೆ. ಅವರು ಕೇಳಿದ್ದು, "ಟಿಲ್ಲಿ ಎಲ್ಲಿ ಮಗೂ?" ಎಂದಷ್ಟೇ. ಗೊತ್ತಿಲ್ಲ ಎನ್ನಬಹುದಿತ್ತು. ಕೇಳಿದ್ದಕ್ಕೆ ನಿಜ ಹೇಳಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ನಿಜವಲ್ಲ. ಹಿಂದಿನ ದಿನ ನಿನ್ನನ್ನು, "ನನ್ನನ್ನೂ ಕರ್ಕೊಂಡು ಹೋಗು" ಎಂದು ಕೇಳಿದ್ದೆ. ನೀನು ನಕ್ಕು, "ನೀನಿನ್ನೂ ಚಿಕ್ಕೋಳು ಕಣೇ" ಎಂದೆ. ಆ ಹೊಟ್ಟೆಕಿಚ್ಚಿಗೆ ಹೇಳಿದೆ. ನಿನ್ನನ್ನು ತಡೆಯುತ್ತಾರೆ, ನೀನು ಇಲ್ಲೇ ಉಳಿಯುತ್ತೀಯ ಎಂದುಕೊಂಡಿದ್ದೆ. ಹೊರಗಿಡುತ್ತಾರೆ ಎಂದು ತಿಳಿದಿರಲಿಲ್ಲ.

ಅವತ್ತು ನೀನು ಅಡುಗೆಮನೆಯಲ್ಲಿ ಅಮ್ಮನ ಮುಖಕ್ಕೆ, "ನೀನೇ ತಾನೇ ಹೇಳಿದ್ದು?" ಎಂದು ಕಿರುಚಿದಾಗ ನಾನು ಕಪಾಟಿನ ಹತ್ತಿರ ನಿಂತಿದ್ದೆ. ಅಮ್ಮ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ನಿನಗೆ, "ಹೂಂ" ಎಂದಳು. ನೀನು ಹೋದಮೇಲೆ ನನಗೆ ಹೇಳಿದ್ದು ಒಂದೇ ಮಾತು: "ಅವಳಿಗೆ ನಾನೂ ಇಲ್ಲ, ಅಪ್ಪಾನೂ ಇಲ್ಲ. ಅವಳಿಗೆ ನೀನಾದ್ರೂ ಉಳೀಬೇಕು." ಆ ಮಾತಿನ ನೆರಳಿನಲ್ಲಿ ಏಳು ವರ್ಷ ನಿನ್ನ ಕಾಗದಗಳನ್ನು ಇಸಿದುಕೊಂಡಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ: ಬಾ. ಅಮ್ಮನ ಮೇಜಿಗೆ ಬಾ. ನಾನು ಅವತ್ತು ಆ ಮೇಜಿನಲ್ಲಿ ಇರಬೇಕೋ ಬೇಡವೋ ನೀನು ಹೇಳು, ನಾನು ಹಾಗೇ ಮಾಡುತ್ತೇನೆ.

ಇದನ್ನು ಅಂಚೆಗೆ ಹಾಕುವ ಮೊದಲು ಅಮ್ಮನ ಕೈಗೆ ಕೊಟ್ಟೆ. ನಿಂತುಕೊಂಡೇ ಪೂರ್ತಿ ಓದಿದಳು. ಹರಿದು ಹಾಕುತ್ತಾಳೆ ಎಂದುಕೊಂಡೆ. ಬುಧವಾರ ಎಂದು ಮೇಲಿದೆಯಲ್ಲ, ಅಲ್ಲಿ ನಾನು ಮಂಗಳವಾರ ಎಂದು ಬರೆದಿದ್ದೆ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು, "ಅವತ್ತು ಬುಧವಾರ. ತಿದ್ದಿ ಕಳಿಸು," ಎಂದಳು.